ಕರುಳಿನ ಕ್ಯಾನ್ಸರು ಮತ್ತು ಮನೆತನದ ಮೌನ

ಪ್ರತಿಯೊಂದು ಧರ್ಮಕೇಂದ್ರದ ಕಚೇರಿಯಲ್ಲಿಯೂ ಒಂದು ಹಳೆಯ ಕಪಾಟು ಇರುತ್ತದೆ. ಅದರೊಳಗೆ ಜ್ಞಾನಸ್ನಾನದ, ವಿವಾಹದ ಮತ್ತು ಮರಣದ ದಾಖಲೆ ಪುಸ್ತಕಗಳು ಸಾಲಾಗಿ ನಿಂತಿರುತ್ತವೆ. ನಾವು ಗುರುಗಳು ಐದಾರು ವರ್ಷಗಳಿಗೊಮ್ಮೆ ವರ್ಗವಾಗಿ ಹೋಗುವವರು; ಪುಸ್ತಕಗಳು ಮಾತ್ರ ಅಲ್ಲಿಯೇ ಉಳಿಯುತ್ತವೆ. ಕೆಲವು ವರ್ಷಗಳ ಹಿಂದೆ, ನವೆಂಬರ್ ತಿಂಗಳ ಮೃತರ ಸ್ಮರಣೆಗೆಂದು ಮನೆಮನೆಯ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದಾಗ, ಒಂದೇ ಮನೆಯ ಮೂವರ ಹೆಸರುಗಳ ಮುಂದೆ ನನ್ನ ಲೇಖನಿ ನಿಂತಿತು. ಅಜ್ಜ ತೀರಿಕೊಂಡದ್ದು 48ನೆಯ ವಯಸ್ಸಿನಲ್ಲಿ. ಹಿರಿಯ ಮಗ 46ರಲ್ಲಿ. ಕಿರಿಯ ಮಗ 39ರಲ್ಲಿ. ಮೂರು ಮರಣಗಳನ್ನೂ ಬೇರೆ ಬೇರೆ ಗುರುಗಳು ದಾಖಲಿಸಿದ್ದರು, ಮೂವರ ಅಕ್ಷರವೂ ಬೇರೆ. ಮರಣದ ಕಾರಣವನ್ನು ಯಾರೂ ಬರೆದಿರಲಿಲ್ಲ. ಮೂರು ಹೆಸರುಗಳನ್ನು ಒಟ್ಟಿಗೆ ಓದುವ ಸಂದರ್ಭ ಅವರಲ್ಲಿ ಯಾರಿಗೂ ಒದಗಿರಲಿಕ್ಕಿಲ್ಲ.

ಓದಿದವನು ನಾನು. ಓದಿ, ಪುಸ್ತಕವನ್ನು ಮುಚ್ಚಿಟ್ಟೆ.

ಅದಾದ ಕೆಲವು ವಾರಗಳಲ್ಲಿ ನೆರೆಯ ಊರಿನ ಹಿರಿಯರೊಬ್ಬರು ಬಂದು ಆ ಮನೆಯ ಕಿರಿಯ ಮಗಳ ವಿಷಯವಾಗಿ ವಿಚಾರಿಸಿದರು. ಸಂಬಂಧ ಕೂಡಿಸುವ ಮೊದಲು ಗುರುಗಳನ್ನು ಕೇಳುವುದು ನಮ್ಮಲ್ಲಿ ಹಿಂದಿನಿಂದಲೂ ನಡೆದುಬಂದ ಪದ್ಧತಿ. "ಮನೆತನ ಹೇಗೆ ಫಾದರ್? ರೋಗರುಜಿನ ಏನಾದರೂ ಉಂಟೇ?" ಎಂದರು. "ಒಳ್ಳೆಯ ಮನೆತನ" ಎಂದು ನಾನು ಉತ್ತರಿಸಿದೆ. ಅದು ಸುಳ್ಳಾಗಿರಲಿಲ್ಲ. ಆದರೆ ಕೇಳಿದ ಪ್ರಶ್ನೆಗೆ ಉತ್ತರವೂ ಆಗಿರಲಿಲ್ಲ. ಒಂದು ಕುಟುಂಬದ ಗುಟ್ಟನ್ನು ಮತ್ತೊಂದು ಕುಟುಂಬಕ್ಕೆ ಹೇಳುವ ಅಧಿಕಾರ ನನಗಿರಲಿಲ್ಲವೆಂಬುದನ್ನು ನಾನು ಇಂದಿಗೂ ನಂಬುತ್ತೇನೆ. ಆದರೆ ಆ ಕುಟುಂಬದವರಿಗೇ ಹೇಳುವ ಕರ್ತವ್ಯ ನನಗಿತ್ತು. ಅದನ್ನು ನಾನು ಮಾಡಲಿಲ್ಲ. ಈ ಬರಹಕ್ಕೆ ಪ್ರೇರಣೆ ಆ ಲೋಪವೇ. (ಇಲ್ಲಿ ಬರೆಯುತ್ತಿರುವುದನ್ನು ಆ ಮನೆಯವರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಪಾಪನಿವೇದನೆಯ ಪೀಠದಲ್ಲಿ ಕೇಳಿದ ಒಂದು ಮಾತೂ ಇದರಲ್ಲಿಲ್ಲ.)

ಮುಂದಿನ ವರ್ಷ ಆ ಮನೆಯ ಹಿರಿಯ ಮಗನಿಗೆ, 41 ವರ್ಷದವನಿಗೆ, ಕಾರಣವಿಲ್ಲದ ಆಯಾಸ ಆರಂಭವಾಯಿತು. ರಕ್ತ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ ತೀರಾ ಕಡಿಮೆ ಇತ್ತು. ಕಬ್ಬಿಣದ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದನು. ಗಟ್ಟಿಮುಟ್ಟಾದ ಗಂಡಸಿನ ದೇಹದಿಂದ ರಕ್ತ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿದವರು ಮೂರನೆಯ ವೈದ್ಯರು. ಕೊಲೊನೊಸ್ಕೋಪಿ ಮಾಡಿಸಿದಾಗ ದೊಡ್ಡಕರುಳಿನ ಬಲಭಾಗದಲ್ಲಿ ಗಡ್ಡೆ ಕಂಡಿತು. ಶಸ್ತ್ರಚಿಕಿತ್ಸೆಯ ಮುನ್ನಾದಿನ ವೈದ್ಯರು ತಾಯಿಯನ್ನು ಕರೆದು, "ಅಮ್ಮಾ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ?" ಎಂದು ಕೇಳಿದರು. "ಯಾರಿಗೂ ಇಲ್ಲ" ಎಂದು ಆಕೆ ಉತ್ತರಿಸಿದರು. ಪಕ್ಕದಲ್ಲಿ ನಾನಿದ್ದೆ.

ಆಕೆಯನ್ನು ದೂಷಿಸುವ ಮೊದಲು, ಇದೇ ಪ್ರಶ್ನೆಗೆ ನೂರಮೂವತ್ತು ವರ್ಷಗಳ ಹಿಂದೆ ದೂರದ ದೇಶದ ಹೆಣ್ಣುಮಗಳೊಬ್ಬಳು ಬೇರೆಯೇ ಉತ್ತರ ಕೊಟ್ಟ ಕಥೆಯನ್ನು ಹೇಳಬೇಕಾಗಿದೆ. ಕರುಳಿನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದು ಕಾಣುತ್ತಿರುವ ಬೆರಗಿನ ಒಂದು ಬೇರು ಅಲ್ಲಿದೆ.

1895ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ರೋಗಶಾಸ್ತ್ರಜ್ಞರಾಗಿದ್ದ ಆಲ್ಡ್ರೆಡ್ ವಾರ್ಥಿನ್ ಎಂಬವರಿಗೆ ಹೊಲಿಗೆಯ ಕೆಲಸ ಮಾಡುವ ಮಹಿಳೆಯೊಬ್ಬಳ ಪರಿಚಯವಿತ್ತು. ಆಕೆ ಸದಾ ಖಿನ್ನಳಾಗಿರುವುದನ್ನು ಕಂಡು ಅವರು ಕಾರಣ ಕೇಳಿದರು. ತನ್ನ ಮನೆತನದವರಂತೆ ತಾನೂ ಕರುಳಿನ ಇಲ್ಲವೇ ಗರ್ಭಕೋಶದ ಕ್ಯಾನ್ಸರಿನಿಂದ ಬೇಗನೆ ಸಾಯುವವಳೆಂದು ಆಕೆ ನಿಶ್ಚಯದಿಂದ ಹೇಳಿದಳು. ಆಗ ಆಕೆಗೆ ಯಾವ ಕಾಯಿಲೆಯೂ ಇರಲಿಲ್ಲ. ಇನ್ನೊಬ್ಬ ವೈದ್ಯನಾಗಿದ್ದರೆ ಬೆನ್ನು ತಟ್ಟಿ, ಧೈರ್ಯ ಹೇಳಿ ಕಳುಹಿಸಿಬಿಡುತ್ತಿದ್ದನು. ವಾರ್ಥಿನ್ ಆಕೆಯ ಮಾತನ್ನು ಬರೆದುಕೊಂಡರು. ಜರ್ಮನಿಯಿಂದ ವಲಸೆ ಬಂದಿದ್ದ ಆ ಕುಟುಂಬದ ಯಾರು ಯಾರು, ಯಾವ ವಯಸ್ಸಿನಲ್ಲಿ, ಯಾವ ಕಾಯಿಲೆಯಿಂದ ತೀರಿಕೊಂಡರೆಂಬುದನ್ನು ಸಂಗ್ರಹಿಸಲು ಆಕೆಯೇ ನೆರವಾದಳು. 1913ರಲ್ಲಿ ವಾರ್ಥಿನ್ ಅದನ್ನು 'ಜಿ' ಕುಟುಂಬವೆಂಬ ಹೆಸರಿನಲ್ಲಿ ಪ್ರಕಟಿಸಿದರು. ಆಕೆ ಮುಂದೆ, ತಾನು ಹೇಳಿದ್ದಂತೆಯೇ, ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು.

ಆ ಪ್ರಬಂಧವನ್ನು ಬಹುಮಟ್ಟಿಗೆ ಎಲ್ಲರೂ ಮರೆತರು. ಕ್ಯಾನ್ಸರ್ ಹೊಗೆಯಿಂದ, ವಿಷವಸ್ತುಗಳಿಂದ, ಆಹಾರದಿಂದ ಬರುವುದು, ವಂಶದಿಂದಲ್ಲ ಎಂಬುದೇ ವಿದ್ವಾಂಸರ ಅಭಿಪ್ರಾಯವಾಗಿತ್ತು. ಅದನ್ನು ಎದುರಿಸಿ ನಿಂತವರು ಹೆನ್ರಿ ಲಿಂಚ್. ಸುಳ್ಳು ವಯಸ್ಸು ಹೇಳಿ ನೌಕಾದಳ ಸೇರಿದ್ದ, ಮುಷ್ಟಿಯುದ್ಧದ ಪಂದ್ಯಗಳಲ್ಲಿ ಕಾದಾಡಿದ್ದ, ತಡವಾಗಿ ವೈದ್ಯಕೀಯ ಓದಿದ ಮನುಷ್ಯ. 1960ರ ದಶಕದ ಆರಂಭದಲ್ಲಿ ಒಮಾಹಾ ನಗರದ ಆಸ್ಪತ್ರೆಯಲ್ಲಿ ಕುಡಿತದಿಂದ ಚಿತ್ತಭ್ರಮೆಗೆ ಒಳಗಾಗಿದ್ದ ರೋಗಿಯೊಬ್ಬನನ್ನು ಅವರು ನೋಡಿದರು. ಏಕೆ ಇಷ್ಟು ಕುಡಿಯುತ್ತೀಯೆ ಎಂದು ವಿಚಾರಿಸಿದಾಗ, ತನ್ನ ಮನೆಯವರೆಲ್ಲ ಕರುಳಿನ ಕ್ಯಾನ್ಸರಿನಿಂದ ಸಾಯುತ್ತಾರೆ, ತಾನೂ ಹಾಗೆಯೇ ಸಾಯುವವನೆಂದು ಆತ ಹೇಳಿದನು. ಲಿಂಚ್ ಆತನ ಬಂಧುಗಳನ್ನು ಊರೂರಿಗೆ ಹೋಗಿ ಹುಡುಕಿದರು. ಸಮಾಜ ಸೇವಕಿ ಆನ್ ಕ್ರಷ್ ಅವರೊಡನೆ ದಾಖಲೆಗಳನ್ನು ಕಲೆಹಾಕಿದರು. 1966ರಲ್ಲಿ ಅಂತಹ ಎರಡು ಕುಟುಂಬಗಳ ವೃತ್ತಾಂತವನ್ನು ಪ್ರಕಟಿಸಿದರು. ಮರುವರ್ಷ ಅದೇ ಒಮಾಹಾದ ಕ್ರೈಟನ್ ವಿಶ್ವವಿದ್ಯಾಲಯವನ್ನು ಸೇರಿ, 2019ರಲ್ಲಿ ತೀರಿಕೊಳ್ಳುವವರೆಗೂ ಆ ಸಂಸ್ಥೆಯೊಡನೆಯೇ ಉಳಿದರು. ಕ್ರೈಟನ್ ಯೇಸುಸಭೆಯವರ ವಿದ್ಯಾಸಂಸ್ಥೆ ಎಂಬುದನ್ನು ನಮ್ಮ ಓದುಗರ ಗಮನಕ್ಕೆ ತರುತ್ತೇನೆ. ಸರಕಾರದ ಅನುದಾನ ಸಮಿತಿಗಳು ಲಿಂಚ್ ಅವರ ಅರ್ಜಿಗಳನ್ನು ತಿರಸ್ಕರಿಸುತ್ತಿದ್ದ ಕಾಲದಲ್ಲಿ ಅವರಿಗೆ ಅಲ್ಲಿ ನೆಲೆ ಇತ್ತು. ಈಗ ಆ ವಂಶಪಾರಂಪರ್ಯ ಸ್ಥಿತಿಗೆ ಲಿಂಚ್ ಸಿಂಡ್ರೋಮ್ ಎಂದೇ ಹೆಸರು.

1993ರಲ್ಲಿ ಮತ್ತು 1994ರಲ್ಲಿ ಇದರ ಹಿಂದಿರುವ ಮೊದಲ ವಂಶವಾಹಿಗಳು ಪತ್ತೆಯಾದವು. ಅವುಗಳ ಕೆಲಸವನ್ನು ಪತ್ರಿಕೆಯ ಓದುಗರಿಗೆ ವಿವರಿಸುವುದು ಸುಲಭ. ನೀವು ಓದುತ್ತಿರುವ ಈ ಅಂಕಣ ಅಚ್ಚಾಗುವ ಮೊದಲು ಒಬ್ಬರು ಕುಳಿತು ಕರಡು ತಿದ್ದುತ್ತಾರೆ. ನಮ್ಮ ದೇಹದ ಜೀವಕೋಶ ಇಬ್ಭಾಗವಾಗುವ ಪ್ರತಿ ಸಲವೂ ಡಿಎನ್‌ಎ ಎಂಬ ಮಹಾಗ್ರಂಥದ ನಕಲು ನಡೆಯಬೇಕು. ನಕಲಿನಲ್ಲಿ ತಪ್ಪುಗಳಾಗುತ್ತವೆ. ಆ ತಪ್ಪುಗಳನ್ನು ಹುಡುಕಿ ತಿದ್ದುವ ಪ್ರೋಟೀನುಗಳಿವೆ. ಅವುಗಳಲ್ಲಿ ಮುಖ್ಯವಾದವು ನಾಲ್ಕು. (ಈ ತಿದ್ದುಪಡಿಯ ಬಗೆಯನ್ನು ಬಿಡಿಸಿ ತೋರಿಸಿದ ಪಾಲ್ ಮಾಡ್ರಿಚ್ ಅವರಿಗೆ 2015ರ ರಸಾಯನಶಾಸ್ತ್ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.) ಲಿಂಚ್ ಸಿಂಡ್ರೋಮ್ ಇರುವ ಮನೆಯಲ್ಲಿ ಹುಟ್ಟಿದವನಿಗೆ ಈ ಕರಡು ತಿದ್ದುವವರಲ್ಲಿ ಒಬ್ಬನ ವಂಶವಾಹಿ ತಂದೆಯಿಂದಲೋ ತಾಯಿಯಿಂದಲೋ ಕೆಟ್ಟೇ ಬಂದಿರುತ್ತದೆ. ಉಳಿದ ಒಂದು ಒಳ್ಳೆಯ ಪ್ರತಿಯೂ ಯಾವುದೋ ಜೀವಕೋಶದಲ್ಲಿ ಹಾಳಾದರೆ, ಅಲ್ಲಿಂದ ಮುಂದೆ ತಪ್ಪಿನ ಮೇಲೆ ತಪ್ಪು ಕೂಡುತ್ತಾ ಹೋಗಿ ಕ್ಯಾನ್ಸರ್ ಹುಟ್ಟುತ್ತದೆ. ಕರುಳಿನಲ್ಲಿ ಮಾತ್ರವಲ್ಲ, ಸ್ತ್ರೀಯರ ಗರ್ಭಕೋಶದಲ್ಲಿಯೂ ಹೀಗಾಗುತ್ತದೆ. ಈ ದೋಷ ಒಬ್ಬರಿಂದ ಪ್ರತಿಯೊಂದು ಮಗುವಿಗೂ ಹೋಗುವ ಸಂಭವ ಅರ್ಧಕ್ಕರ್ಧ. ಹೋಗದೆ ಇರುವ ಸಂಭವವೂ ಅಷ್ಟೇ ಎಂಬುದನ್ನು ಜನರು ಮರೆಯುತ್ತಾರೆ. ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು 3 ಮಾತ್ರ ಈ ವಂಶದ ಬಗೆಯವು. ವಂಶದೋಷವಿಲ್ಲದೆಯೂ ವಯಸ್ಸಾದಂತೆ ಕೆಲವರ ಗಡ್ಡೆಗಳಲ್ಲಿ ಕರಡು ತಿದ್ದುವ ವ್ಯವಸ್ಥೆ ತಾನಾಗಿ ಕುಸಿಯುವುದುಂಟು.

ಇನ್ನು ಬೆರಗಿನ ಭಾಗ. ತಪ್ಪುಗಳಿಂದ ತುಂಬಿದ ಇಂತಹ ಗಡ್ಡೆ ನಮ್ಮ ದೇಹದ ಕಾವಲು ಪಡೆಗೆ ಪರಕೀಯನಂತೆ ಕಾಣಿಸುತ್ತದೆ. ಕಾವಲುಗಾರರು ಅದರ ಸುತ್ತ ಬಂದು ನೆರೆಯುತ್ತಾರೆ. ಆದರೆ ಗಡ್ಡೆ ಒಂದು ತಡೆಗುಂಡಿಯನ್ನು ಒತ್ತಿ ಅವರನ್ನು ನಿಷ್ಕ್ರಿಯಗೊಳಿಸುತ್ತದೆ. ಆ ತಡೆಯನ್ನು ತೆಗೆಯುವ ದಾರಿಯನ್ನು ತೋರಿಸಿದ್ದಕ್ಕಾಗಿ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂದಿತು. ಇಂತಹ ಔಷಧಿಗಳನ್ನು ಕರುಳಿನ ಕ್ಯಾನ್ಸರಿಗೆ ಮೊದಲು ಪ್ರಯೋಗಿಸಿದಾಗ ಬಹುತೇಕ ಯಾರಿಗೂ ಪ್ರಯೋಜನವಾಗಲಿಲ್ಲ. ಒಬ್ಬ ರೋಗಿಗೆ ಮಾತ್ರ ಆಯಿತು. ಆ ಒಬ್ಬನಿಗೆ ಏಕೆ ಎಂದು ಕೇಳಿದವರು ಅವನ ಗಡ್ಡೆಯಲ್ಲಿ ಕರಡು ತಿದ್ದುವ ವ್ಯವಸ್ಥೆ ಕೆಟ್ಟಿರುವುದನ್ನು ಕಂಡರು. 2015ರಲ್ಲಿ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯವರು ಪೆಂಬ್ರೊಲಿಜುಮಾಬ್ ಎಂಬ ಔಷಧಿಯ ಫಲಿತಾಂಶವನ್ನು ಪ್ರಕಟಿಸಿದರು. ಕರಡು ತಿದ್ದುವ ಶಕ್ತಿ ಕೆಟ್ಟಿದ್ದ ಕರುಳಿನ ಗಡ್ಡೆಗಳ 10 ರೋಗಿಗಳಲ್ಲಿ 4 ಮಂದಿಯ ಗಡ್ಡೆ ಕುಗ್ಗಿತು. ಆ ಶಕ್ತಿ ನೆಟ್ಟಗಿದ್ದ 18 ರೋಗಿಗಳಲ್ಲಿ ಒಬ್ಬರದೂ ಕುಗ್ಗಲಿಲ್ಲ. ಯಾವ ದೋಷವು ಮೂರು ತಲೆಮಾರುಗಳನ್ನು ಕೊಂದಿತೋ, ಅದೇ ದೋಷ ಚಿಕಿತ್ಸೆಗೆ ಹಿಡಿಯಾಗಿ ಸಿಕ್ಕಿತು.

2022ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಸಂಸ್ಥೆಯಿಂದ ಬಂದ ಸುದ್ದಿ ನಿಮ್ಮಲ್ಲಿ ಅನೇಕರ ಮೊಬೈಲಿಗೂ ಬಂದಿರಬೇಕು. ಗುದನಾಳದ ಕ್ಯಾನ್ಸರ್ ಇದ್ದ 12 ಮಂದಿಗೆ ಡೊಸ್ಟಾರ್ಲಿಮಾಬ್ ಎಂಬ ಔಷಧಿಯನ್ನು ಮೂರು ವಾರಗಳಿಗೊಮ್ಮೆ ಆರು ತಿಂಗಳು ಕೊಟ್ಟಾಗ, 12 ಮಂದಿಯಲ್ಲಿಯೂ ಗಡ್ಡೆ ಕಾಣದಂತಾಯಿತು. ಶಸ್ತ್ರಚಿಕಿತ್ಸೆಯಾಗಲಿ, ವಿಕಿರಣವಾಗಲಿ, ಹೊಟ್ಟೆಯ ಮೇಲೆ ಚೀಲ ಕಟ್ಟಿಕೊಂಡು ಬದುಕುವ ಪ್ರಸಂಗವಾಗಲಿ ಅವರಿಗೆ ಬರಲಿಲ್ಲ. 2025ರಲ್ಲಿ ಅದೇ ತಂಡ ಪ್ರಕಟಿಸಿದ ಮುಂದಿನ ವರದಿಯಲ್ಲಿ ಚಿಕಿತ್ಸೆ ಪೂರೈಸಿದ ಗುದನಾಳದ ರೋಗಿಗಳು 49. ಆ 49 ಮಂದಿಯದೂ ಅದೇ ಫಲ. ಕ್ಯಾನ್ಸರ್ ಚಿಕಿತ್ಸೆಯ ಚರಿತ್ರೆಯಲ್ಲಿ ನೂರಕ್ಕೆ ನೂರು ಎಂಬ ಅಂಕಿಯನ್ನು ಕಾಣುವುದು ಬಹಳ ಅಪರೂಪ.

ಆದರೆ ಮೊಬೈಲಿಗೆ ಬಂದ ಸುದ್ದಿಯಲ್ಲಿ ಒಂದು ಮಾತು ಬಿಟ್ಟುಹೋಗಿತ್ತು. ಆ ರೋಗಿಗಳೆಲ್ಲರ ಗಡ್ಡೆಯೂ ನಾನು ಮೇಲೆ ಹೇಳಿದ ಬಗೆಯದು. ಗುದನಾಳದ ಕ್ಯಾನ್ಸರುಗಳಲ್ಲಿ ಅಂತಹವು ನೂರಕ್ಕೆ 5ರಿಂದ 10 ಮಾತ್ರ. ಆಗ ನಮ್ಮ ಕಡೆಯ ಒಂದು ಕುಟುಂಬ ತಂದೆಯ ಚಿಕಿತ್ಸೆಗಾಗಿ ಅಡಿಕೆ ತೋಟವನ್ನು ಮಾರಿ ಆ ಔಷಧಿಯನ್ನು ತರಿಸಲು ನಿರ್ಧರಿಸಿತ್ತು. ಮುಂಗಡ ಪಡೆಯುವ ಹಿಂದಿನ ಸಂಜೆ ಮಗನು ನನ್ನಲ್ಲಿಗೆ ಬಂದನು. ಮೊದಲು ಗಡ್ಡೆಯ ಪರೀಕ್ಷೆ ಮಾಡಿಸಿರಿ ಎಂದು ವೈದ್ಯರಿಂದ ಹೇಳಿಸಿದೆ. ಕೆಲವು ಸಾವಿರ ರೂಪಾಯಿಗಳ ಪರೀಕ್ಷೆ. ಅವರ ಗಡ್ಡೆ ಆ ಬಗೆಯದಾಗಿರಲಿಲ್ಲ. ತೋಟ ಉಳಿಯಿತು, ಅವರಿಗೆ ಒಪ್ಪುವ ರೂಢಿಯ ಚಿಕಿತ್ಸೆ ನಡೆಯಿತು. ಹನ್ನೆರಡನೆಯ ಭಕ್ತಿನಾಥ ಪಿಯುಸ್ ಜಗದ್ಗುರುಗಳು 1957ರ ನವೆಂಬರಿನಲ್ಲಿ ವೈದ್ಯರನ್ನು ಉದ್ದೇಶಿಸಿ ಮಾತನಾಡುತ್ತಾ, ಪ್ರಾಣ ಉಳಿಸಿಕೊಳ್ಳಲು ಸಾಮಾನ್ಯ ಸಾಧನಗಳನ್ನು ಬಳಸುವ ಕರ್ತವ್ಯ ನಮಗಿದೆ, ತನಗೂ ಪರರಿಗೂ ಮಿತಿಮೀರಿದ ಹೊರೆಯಾಗುವ ಸಾಧನಗಳನ್ನು ಬಳಸಲೇಬೇಕೆಂಬ ಕಟ್ಟಳೆಯಿಲ್ಲ ಎಂದು ಸ್ಪಷ್ಟಪಡಿಸಿದ್ದಾರೆ. ಔಷಧಿ ಫಲಿಸುವುದೋ ಇಲ್ಲವೋ ಎಂಬುದನ್ನು ಮೊದಲೇ ತಿಳಿಯಲು ಸಾಧ್ಯವಿರುವ ಈ ಕಾಲದಲ್ಲಿ ಆ ಬೋಧನೆಗೆ ಹೊಸ ಅರ್ಥವೇ ಬಂದಂತಿದೆ.

'ವ್ಯಕ್ತಿಗತ ಚಿಕಿತ್ಸೆ' ಎಂಬ ಮಾತನ್ನು ಕೇಳಿದಾಗಲೆಲ್ಲ ಗುರುಮಠದಲ್ಲಿ ತತ್ವಶಾಸ್ತ್ರ ಓದಿದ ದಿನಗಳು ನೆನಪಿಗೆ ಬರುತ್ತವೆ. ಅರಿಸ್ಟಾಟಲನು ತನ್ನ ತತ್ವಮೀಮಾಂಸೆಯ ಆರಂಭದಲ್ಲಿಯೇ ವೈದ್ಯನ ಉದಾಹರಣೆ ಕೊಡುತ್ತಾನೆ. ವೈದ್ಯನು ಗುಣಪಡಿಸುವುದು 'ಮನುಷ್ಯ' ಎಂಬ ಸಾಮಾನ್ಯವನ್ನಲ್ಲ, ಕಾಲಿಯಸ್ ಎಂಬವನನ್ನು, ಸಾಕ್ರೆಟಿಸ್ ಎಂಬವನನ್ನು ಎಂಬುದು ಅವನ ವಾದ. ಬಹುಕಾಲ ನಮ್ಮ ಔಷಧಿಗಳು 'ಕರುಳಿನ ಕ್ಯಾನ್ಸರ್' ಎಂಬ ಸಾಮಾನ್ಯಕ್ಕೆ ಕೊಟ್ಟಂಥವು. ಕಾಲಿಯಸನ ಗಡ್ಡೆ ಬೇರೆ, ಸಾಕ್ರೆಟಿಸನ ಗಡ್ಡೆ ಬೇರೆ ಎಂಬುದು ತಡವಾಗಿ ತಿಳಿಯಿತು. ಸೆಟುಕ್ಸಿಮಾಬ್ ಎಂಬ ಔಷಧಿ 2004ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಕೆ-ರಾಸ್ ಎಂಬ ವಂಶವಾಹಿ ಮಾರ್ಪಟ್ಟ ಗಡ್ಡೆಗಳಿಗೆ ಅದು ನಿಷ್ಪ್ರಯೋಜಕವೆಂದು 2008ರಲ್ಲಿ ಸ್ಪಷ್ಟವಾಯಿತು. ಅಂತಹ ಗಡ್ಡೆಗಳು ನೂರಕ್ಕೆ ಸುಮಾರು 40! ನಡುವಿನ ವರ್ಷಗಳಲ್ಲಿ ಎಷ್ಟು ಮಂದಿ ಮೈತುಂಬ ಬೊಕ್ಕೆಗಳನ್ನೂ ಸಾಲವನ್ನೂ ಮಾತ್ರ ಪಡೆದರೋ ದೇವರೇ ಬಲ್ಲ. ವ್ಯಕ್ತಿಗತ ಚಿಕಿತ್ಸೆಯ ಅರ್ಧ ಭಾಗ ಬೇಡವಾದದ್ದನ್ನು ಕೊಡದಿರುವುದೇ ಆಗಿದೆ. 2022ರಲ್ಲಿ ಆಸ್ಟ್ರೇಲಿಯಾದಿಂದ ಬಂದ ವರದಿಯೊಂದು ಇದಕ್ಕೆ ಇನ್ನೊಂದು ಸಾಕ್ಷಿ. ಎರಡನೆಯ ಹಂತದ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ 455 ರೋಗಿಗಳಲ್ಲಿ ಒಂದು ಗುಂಪಿನವರ ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಚೂರುಗಳು ಉಳಿದಿವೆಯೇ ಎಂದು ನೋಡಿ ಕಿಮೊಥೆರಪಿ ನಿರ್ಧರಿಸಿದರು. ಆ ಗುಂಪಿನಲ್ಲಿ ನೂರಕ್ಕೆ 15 ಮಂದಿಗೆ ಮಾತ್ರ ಅದನ್ನು ಕೊಡಬೇಕಾಯಿತು, ರೂಢಿಯಂತೆ ನಡೆದ ಗುಂಪಿನಲ್ಲಿ 28 ಮಂದಿಗೆ. ಎರಡು ವರ್ಷಗಳ ಬಳಿಕ ಎರಡೂ ಗುಂಪುಗಳ ಸ್ಥಿತಿ ಹೆಚ್ಚುಕಡಿಮೆ ಒಂದೇ.

ಆದರೆ ಅರಿಸ್ಟಾಟಲನೊಡನೆ ನನ್ನದೊಂದು ಸಣ್ಣ ತಕರಾರು ಇದೆ. ಕಾಲಿಯಸನಿಗೆ ತಂದೆ ಇದ್ದನು, ತಂಗಿ ಇದ್ದಳು, ದೂರದ ಊರಿನಲ್ಲಿ ಚಿಕ್ಕಪ್ಪನ ಮಕ್ಕಳಿದ್ದರು. ಇಂದಿನ ವೈದ್ಯಶಾಸ್ತ್ರ ವ್ಯಕ್ತಿಯನ್ನು ಎಷ್ಟು ಸೂಕ್ಷ್ಮವಾಗಿ ಬಿಡಿಸಿ ನೋಡುತ್ತಿದೆಯೋ ಅಷ್ಟೇ ಸ್ಪಷ್ಟವಾಗಿ ಅವನ ಕುಟುಂಬ ಅವನೊಳಗೆ ಕಾಣಿಸುತ್ತಿದೆ. ಒಬ್ಬನ ಗಡ್ಡೆಯ ಪರೀಕ್ಷೆಯ ಚೀಟಿ ಹತ್ತು ಮನೆಗಳಿಗೆ ಬರೆದ ಕಾಗದವಾಗಬಲ್ಲದು. ಅದನ್ನು ತಲಪಿಸುವವರು ಯಾರು? ವೈದ್ಯರು ರೋಗಿಯ ಗುಟ್ಟನ್ನು ಕಾಯಬೇಕಾದವರು. ಅವರು ನಿಮ್ಮ ಸೋದರತ್ತೆಯ ಮಕ್ಕಳಿಗೆ ಫೋನು ಮಾಡುವುದಿಲ್ಲ. ಆ ಕೆಲಸ ಮನೆಯವರದೇ.

ನಮ್ಮ ಕರಾವಳಿಯ ಕುಟುಂಬಗಳಲ್ಲಿ ಇದು ಇನ್ನೂ ಕಷ್ಟ. ಒಬ್ಬರು ಮುಂಬಯಿಯಲ್ಲಿ, ಒಬ್ಬರು ಕುವೈಟಿನಲ್ಲಿ, ಮತ್ತೊಬ್ಬರು ಕೆನಡಾದಲ್ಲಿ. ಅಲ್ಲಿ ತೀರಿಕೊಂಡವರ ಹೆಸರು ಊರಿನ ಮರಣ ಪುಸ್ತಕದಲ್ಲಿ ಇರುವುದಿಲ್ಲ. ಊರಿಗೆ ಬರುವುದು 'ಹೊಟ್ಟೆನೋವಿನಿಂದ ಹೋದರು', 'ಕಾಮಾಲೆಯಂತೆ' ಎಂಬ ಮಾತು ಮಾತ್ರ. ರಕ್ತ ಬಿದ್ದರೆ ಮೂಲವ್ಯಾಧಿ ಎಂದು ನಾಟಿ ಮದ್ದು. 'ಕ್ಯಾನ್ಸರ್' ಎಂಬ ಶಬ್ದವನ್ನು ಉಚ್ಚರಿಸದೆಯೇ ಶವಸಂಸ್ಕಾರವನ್ನು ಮುಗಿಸಿದ ಮನೆಗಳನ್ನು ನಾನು ಕಂಡಿದ್ದೇನೆ. ಮದುವೆಗೆ ಬಂದ ಹೆಣ್ಣುಮಕ್ಕಳಿರುವ ಮನೆಯಲ್ಲಂತೂ ಮೌನ ಇನ್ನೂ ಗಟ್ಟಿ.

ಈ ಮೌನವನ್ನು ಮೂರ್ಖತನವೆಂದು ತಳ್ಳಿಹಾಕುವವರ ಪಂಗಡಕ್ಕೆ ನಾನು ಸೇರಿದವನಲ್ಲ. ವಂಶದ ದೋಷ ಬಹಿರಂಗವಾದಾಗ ಸಮಾಜ ಹೇಗೆ ನಡೆದುಕೊಂಡಿದೆ ಎಂಬುದಕ್ಕೆ ಚರಿತ್ರೆಯಲ್ಲಿ ಲಜ್ಜೆಯ ಪುಟಗಳಿವೆ. ಹೊಲಿಗೆಯ ಹೆಣ್ಣಿನ ಮಾತನ್ನು ಅಷ್ಟು ಗೌರವದಿಂದ ಆಲಿಸಿದ ವಾರ್ಥಿನ್ ಅವರೇ ಮುಂದೆ, 'ಉತ್ತಮ' ಸಂತಾನ ಮಾತ್ರ ಹುಟ್ಟಬೇಕೆಂಬ ಸುಸಂತಾನವಾದದ ಸಮರ್ಥಕರಾದರು. ಅವರ ಪ್ರಬಂಧ ಹೊರಬಂದ 1913ರಲ್ಲಿಯೇ ಮಿಶಿಗನ್ ರಾಜ್ಯವು ಮಂದಬುದ್ಧಿಯವರೆಂದು ಹಣೆಪಟ್ಟಿ ಹಚ್ಚಲ್ಪಟ್ಟವರಿಗೆ ಬಲವಂತದ ಸಂತಾನಹರಣ ಮಾಡುವ ಕಾನೂನನ್ನು ಜಾರಿಗೆ ತಂದಿತು. ಕೆಟ್ಟ ವಂಶವಾಹಿ ಇರುವವರು ಹುಟ್ಟಲೇಬಾರದೆಂಬ ಆಲೋಚನೆ ಇಂದು ಮೃದುವಾದ ಮಾತುಗಳನ್ನಾಡಿಕೊಂಡು ಮತ್ತೆ ಬರುತ್ತಿದೆ. ಅದರ ವಿಷಯವಾಗಿ ಇನ್ನೊಮ್ಮೆ ಬರೆಯುತ್ತೇನೆ. ಆ ತಾಯಿ "ಯಾರಿಗೂ ಇಲ್ಲ" ಎಂದಾಗ ಆಕೆ ಭಯಪಟ್ಟದ್ದು ವೈದ್ಯರಿಗಲ್ಲ. ನಮಗೆ, ಕೆನೆ ಮಾತುಗಳ ನಡುವೆ ಮನೆತನಗಳನ್ನು ತೂಗಿನೋಡುವ ನಮ್ಮ ಸಮುದಾಯಕ್ಕೆ.

ಆದರೂ ಮೌನದ ಬೆಲೆಯನ್ನು ಲೆಕ್ಕ ಹಾಕದೆ ಇರಲಾಗದು. ಫಿನ್‌ಲ್ಯಾಂಡಿನಲ್ಲಿ ಇಂತಹ 22 ಕುಟುಂಬಗಳ ಸದಸ್ಯರನ್ನು 15 ವರ್ಷ ಗಮನಿಸಿ 2000ದಲ್ಲಿ ವರದಿ ಮಾಡಿದರು. ಮೂರು ವರ್ಷಗಳಿಗೊಮ್ಮೆ ಕರುಳಿನ ತಪಾಸಣೆಗೆ ಒಳಗಾದವರು 133 ಮಂದಿ. ಒಳಗಾಗದವರು 119 ಮಂದಿ. ಮೊದಲಿನವರಲ್ಲಿ 8 ಮಂದಿಗೆ ಕರುಳಿನ ಕ್ಯಾನ್ಸರ್ ಬಂದಿತು, ಎರಡನೆಯವರಲ್ಲಿ 19 ಮಂದಿಗೆ. ಆ ಕ್ಯಾನ್ಸರಿನಿಂದ ಎರಡನೆಯ ಗುಂಪಿನಲ್ಲಿ 9 ಮಂದಿ ಸತ್ತರು. ತಪಾಸಣೆಗೆ ಒಳಗಾದ ಗುಂಪಿನಲ್ಲಿ ಒಬ್ಬರೂ ಸಾಯಲಿಲ್ಲ. ಅಲ್ಲಿ ಗೆದ್ದದ್ದು ಲಕ್ಷ ಲಕ್ಷದ ಔಷಧಿಯಲ್ಲ. ಕರುಳಿನೊಳಗೆ ಕೊಳವೆ ಹಾಕಿ ನೋಡಿ, ಪಾಲಿಪ್ ಎಂಬ ಸಣ್ಣ ಗಂಟು ಗಡ್ಡೆಯಾಗುವ ಮೊದಲೇ ಅದನ್ನು ಕತ್ತರಿಸಿ ತೆಗೆದದ್ದು. ಈಗ ವೈದ್ಯರು ಇಂತಹವರಿಗೆ ಇಪ್ಪತ್ತರಿಂದ ಇಪ್ಪತ್ತೈದನೆಯ ವಯಸ್ಸಿನಲ್ಲಿಯೇ ಆರಂಭಿಸಿ ಒಂದೆರಡು ವರ್ಷಗಳಿಗೊಮ್ಮೆ ತಪಾಸಣೆ ಹೇಳುತ್ತಾರೆ. ವಂಶವಾಹಿಯ ಬಗೆಗನುಸಾರ ವಯಸ್ಸು ಸ್ವಲ್ಪ ಹಿಂದುಮುಂದಾಗುತ್ತದೆ. ಇಂಗ್ಲೆಂಡಿನ ಜಾನ್ ಬರ್ನ್ ಎಂಬವರು ಲಿಂಚ್ ಸಿಂಡ್ರೋಮ್ ಇರುವ 861 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟು ನೋಡಿದ ಪ್ರಯೋಗವೂ ಸ್ವಾರಸ್ಯವಾದದ್ದು. ಹತ್ತು ವರ್ಷಗಳ ಗಮನಿಕೆಯ ಬಳಿಕ 2020ರಲ್ಲಿ ಬಂದ ವರದಿಯ ಪ್ರಕಾರ, ಆಸ್ಪಿರಿನ್ ಪಡೆದವರಲ್ಲಿ ಕರುಳಿನ ಕ್ಯಾನ್ಸರ್ ಬಂದದ್ದು ನೂರಕ್ಕೆ 9 ಮಂದಿಗೆ, ಪಡೆಯದವರಲ್ಲಿ 13 ಮಂದಿಗೆ. (ಇದನ್ನು ಓದಿ ಯಾರೂ ಅಂಗಡಿಗೆ ಓಡಬೇಡಿರಿ. ಆಸ್ಪಿರಿನ್ ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಲ್ಲದು. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.)

ಹಾಗಾದರೆ ನಾವು ಕೇಳಬೇಕಾದದ್ದು ಏನು? ಮನೆಯಲ್ಲಿ ಯಾರಿಗಾದರೂ ಕರುಳಿನ ಅಥವಾ ಗರ್ಭಕೋಶದ ಒಳಪದರದ ಕ್ಯಾನ್ಸರ್ ಎಂದು ತಿಳಿದುಬಂದರೆ, 'ಗಡ್ಡೆಯಲ್ಲಿ ಕರಡು ತಿದ್ದುವ ನಾಲ್ಕು ಪ್ರೋಟೀನುಗಳ ಪರೀಕ್ಷೆ ಆಗಿದೆಯೇ' ಎಂದು ವೈದ್ಯರನ್ನು ಕೇಳಿರಿ. ಕತ್ತರಿಸಿ ತೆಗೆದ ಗಡ್ಡೆಯ ಚೂರನ್ನು ಪ್ರಯೋಗಾಲಯದವರು ಮೇಣದ ಅಚ್ಚಿನಲ್ಲಿ ಇಟ್ಟಿರುತ್ತಾರೆ. ಪರೀಕ್ಷೆಯನ್ನು ಆ ಬಳಿಕವೂ ಅದರಿಂದಲೇ ಮಾಡಬಹುದು. ಹಿರಿಯರನ್ನು ಕೂರಿಸಿಕೊಂಡು ಮೂರು ತಲೆಮಾರಿನ ಪಟ್ಟಿ ಬರೆಯಿರಿ. ನಮ್ಮಲ್ಲಿ ಅಜ್ಜ ಮುತ್ತಜ್ಜರ ಹೆಸರನ್ನು ನೆನಪಿಟ್ಟುಕೊಳ್ಳುವ ಹೆಮ್ಮೆ ಇದೆ. ಅವರು ಯಾವ ವಯಸ್ಸಿನಲ್ಲಿ, ಯಾವುದರಿಂದ ತೀರಿಕೊಂಡರೆಂಬುದೂ ಆ ಹೆಮ್ಮೆಯೊಡನೆ ಇರಲಿ. ಊರಿನ ಗುರುಗಳಲ್ಲಿಗೆ ಹೋಗಿ ಮರಣ ಪುಸ್ತಕ ತೆರೆಸಿ ನೋಡಿರಿ. ನಮ್ಮ ಹಿಂದಿನವರು ಅದನ್ನು ಅಷ್ಟು ಅಚ್ಚುಕಟ್ಟಾಗಿ ಬರೆದಿಟ್ಟದ್ದು ಗೆದ್ದಲಿಗಾಗಿ ಅಲ್ಲ.

ಔಷಧಿಯ ಬೆಲೆಯ ವಿಷಯ ಬರೆಯತೊಡಗಿದರೆ ನನ್ನ ಸಮಾಧಾನ ಕೆಡುತ್ತದೆ. ಕಾವಲು ಪಡೆಯ ತಡೆ ತೆಗೆಯುವ ಔಷಧಿಗಳ ಪೂರ್ಣ ಚಿಕಿತ್ಸೆಗೆ ನಮ್ಮ ದೇಶದಲ್ಲಿ ಅನೇಕ ಲಕ್ಷಗಳು ಬೇಕು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ರೋಗಿಗಳಿಗೆ ಇಂತಹದೇ ಒಂದು ಔಷಧಿಯನ್ನು ರೂಢಿಯ ಪ್ರಮಾಣದ ಒಂದು ಸಣ್ಣ ಅಂಶ, ಮೂರು ವಾರಗಳಿಗೊಮ್ಮೆ 20 ಮಿಲಿಗ್ರಾಂ ಮಾತ್ರ, ಇತರ ಔಷಧಿಗಳೊಡನೆ ಕೊಟ್ಟು ನೋಡಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ವರ್ಷ ಬದುಕಿದವರ ಪ್ರಮಾಣ ನೂರಕ್ಕೆ 16ರಿಂದ 43ಕ್ಕೆ ಏರಿತು. ಅದು ಬೇರೆ ಕ್ಯಾನ್ಸರ್. ಕರುಳಿನ ವಿಷಯಕ್ಕೆ ಅದನ್ನು ಹಾಗೆಯೇ ಹೊಂದಿಸಲಾಗದು. ಆದರೆ ಬಡವನ ದೇಶದಲ್ಲಿ ಬಡವನ ಪರವಾಗಿ ಕೇಳಬೇಕಾದ ಪ್ರಶ್ನೆ ಯಾವುದೆಂಬುದನ್ನು ಅವರು ತೋರಿಸಿಕೊಟ್ಟಿದ್ದಾರೆ. ಆಸ್ಪತ್ರೆಗಳನ್ನು ನಡೆಸುತ್ತಿರುವ ನಮ್ಮ ಧರ್ಮಸಭೆ ಅದೇ ಪ್ರಶ್ನೆಯನ್ನು ಇನ್ನೂ ಗಟ್ಟಿಯಾದ ಸ್ವರದಲ್ಲಿ ಕೇಳಬೇಕಿತ್ತು ಎಂದು ನನ್ನ ಅಭಿಪ್ರಾಯ. ಕೊಲೊನೊಸ್ಕೋಪಿಗೆ ಹಣವಿಲ್ಲದ ಮನೆಗಳಿಗಾಗಿ ನಮ್ಮ ಸಂತ ವಿನ್ಸೆಂಟ್ ದೆ ಪೌಲ್ ಸಭೆಗಳು ಒಂದು ಸಣ್ಣ ನಿಧಿಯನ್ನು ತೆಗೆದಿಡಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಹಬ್ಬದ ಪಟಾಕಿಯ ಖರ್ಚನ್ನು ನಾನು ಇಲ್ಲಿ ಎತ್ತುವುದಿಲ್ಲ.

ಆ ಮನೆಯ ಕಥೆಗೆ ಮರಳುತ್ತೇನೆ. ಅಂದು ಆಸ್ಪತ್ರೆಯ ಮೊಗಸಾಲೆಯಲ್ಲಿ ತಾಯಿಯೊಡನೆ ಕುಳಿತು, "ಅಮ್ಮಾ, ನಾನು ಮರಣ ಪುಸ್ತಕ ನೋಡಿದ್ದೇನೆ" ಎಂದೆ. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದರು: ಪುಸ್ತಕದಲ್ಲಿದ್ದ ಮೂವರಲ್ಲದೆ, ಗಂಡನ ಅಕ್ಕ ಮುಂಬಯಿಯಲ್ಲಿ ಐವತ್ತನೆಯ ವಯಸ್ಸಿನಲ್ಲಿ ಗರ್ಭಕೋಶದ ಕ್ಯಾನ್ಸರಿನಿಂದ ಹೋಗಿದ್ದರು. "ಮಗಳ ಮದುವೆ ಆಗಲಿ ಎಂದು ಕಾಯುತ್ತಿದ್ದೆ ಫಾದರ್." ನಾನೂ ಕಾಯುತ್ತಿದ್ದೆನೆಂದು ಆಕೆಗೆ ಒಪ್ಪಿಕೊಂಡೆ. ಇಬ್ಬರೂ ಒಟ್ಟಿಗೆ ವೈದ್ಯರ ಕೋಣೆಗೆ ಹೋದೆವು.

ಗಡ್ಡೆಯ ಪರೀಕ್ಷೆಯಲ್ಲಿ ಎಂಎಸ್‌ಎಚ್2 ಎಂಬ ಪ್ರೋಟೀನು ಇಲ್ಲವೆಂದು ತಿಳಿಯಿತು. ರಕ್ತಪರೀಕ್ಷೆ ಲಿಂಚ್ ಸಿಂಡ್ರೋಮನ್ನು ಖಚಿತಪಡಿಸಿತು. ಮಗನ ಗಡ್ಡೆ ಎರಡನೆಯ ಹಂತದ್ದು. ಆ ಹಂತದಲ್ಲಿ ಈ ಬಗೆಯ ಗಡ್ಡೆ ಮರಳಿ ಬರುವ ಸಂಭವ ಕಡಿಮೆ, ರೂಢಿಯ ಕಿಮೊಥೆರಪಿಯಿಂದ ಲಾಭವೂ ಇಲ್ಲವಾದ ಕಾರಣ ಶಸ್ತ್ರಚಿಕಿತ್ಸೆಯೊಂದೇ ಸಾಕೆಂದು ವೈದ್ಯರು ತೀರ್ಮಾನಿಸಿದರು. ಆತ ಈಗ ಕೆಲಸಕ್ಕೆ ಹೋಗುತ್ತಿದ್ದಾನೆ. ನಡುವಿನ ತಮ್ಮನಿಗೆ ದೋಷ ಬಂದಿಲ್ಲ. ತಂಗಿಗೆ ಬಂದಿದೆ. ಮೊದಲ ಕೊಲೊನೊಸ್ಕೋಪಿಯಲ್ಲಿಯೇ ಒಂದು ಪಾಲಿಪ್ ಸಿಕ್ಕಿತು, ತೆಗೆದರು. ನೋಡಲು ಬಂದ ಹುಡುಗನಿಗೆ ಆಕೆ ತಾನೇ ಎಲ್ಲವನ್ನೂ ತಿಳಿಸಿದಳು. ಆ ಸಂಬಂಧ ಮುಂದುವರಿಯಲಿಲ್ಲ. ನಾನು ಸಮಾಧಾನ ಹೇಳಲು ಹೋದಾಗ, "ನನಗಿರುವ ಕಾಯಿಲೆಯನ್ನು ನಾನು ಅವರಿಗೆ ಹೇಳಲಿಲ್ಲ ಫಾದರ್, ಕಾಯಿಲೆ ಬಾರದ ಹಾಗೆ ನಾನು ಏನು ಮಾಡುತ್ತಿದ್ದೇನೆಂದು ಹೇಳಿದೆ. ಅವರು ಕೇಳಿಸಿಕೊಂಡದ್ದು ಬೇರೆ" ಎಂದಳು.

ಮುಂಬಯಿಯ ಅತ್ತೆಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ನಾಲ್ವತ್ತರ ಆಸುಪಾಸಿನವರು. ಆಸ್ತಿಯ ವಿಷಯದಲ್ಲಿ ಎರಡು ಮನೆಗಳಿಗೂ ಹದಿನೆಂಟು ವರ್ಷಗಳಿಂದ ಮಾತುಕತೆ ಇರಲಿಲ್ಲ. ಕಳೆದ ತಪಸ್ಸುಕಾಲದಲ್ಲಿ ತಾಯಿಯೇ ಕುಳಿತು ಅವರಿಗೆ ಕಾಗದ ಬರೆದರು, ಪರೀಕ್ಷೆಯ ವರದಿಯ ನಕಲನ್ನೂ ಇಟ್ಟರು. ವಿಳಾಸವನ್ನು ಮುಂಬಯಿಯ ಧರ್ಮಕೇಂದ್ರವೊಂದರ ಗುರುಗಳ ಮೂಲಕ ನಾನು ಹುಡುಕಿಸಿಕೊಟ್ಟೆ. ಹಿರಿಯವಳು ಒಂದು ವಾರದಲ್ಲಿ ಫೋನು ಮಾಡಿ, ಆಸ್ಪತ್ರೆಯ ದಿನ ಗೊತ್ತುಮಾಡಿಕೊಂಡಿರುವುದಾಗಿ ತಿಳಿಸಿದಳು. ಕಿರಿಯವಳಿಂದ, ಇದನ್ನು ಬರೆಯುತ್ತಿರುವ ದಿನದವರೆಗೆ, ಉತ್ತರ ಬಂದಿಲ್ಲ. ತಾಯಿ ಎರಡನೆಯ ಕಾಗದ ಬರೆಯುತ್ತಿದ್ದಾರೆ.